ಹೆಪ್ಪು ಕೇಳಿ ಊರು ಆರಿಸಿದ್ದು

ಮೂರು ಗಂಡುಮಕ್ಕಳಿರುವ ಮನೆಯಲ್ಲಿ ನಗುವುದಕ್ಕೆ ದಿನಾ ಒಂದಲ್ಲ ಒಂದು ಸಂಗತಿ ನಡೆಯುತ್ತಲೇ ಇರುತ್ತದೆ. ನಗುವವರು ಮಾತ್ರ ಪಕ್ಕದ ಮನೆಯವರು. ಎಪ್ಪತ್ತರ ದಶಕದಲ್ಲಿ ನನ್ನ ಮಕ್ಕಳು ಚಿಕ್ಕವರಾಗಿದ್ದಾಗ ನಮ್ಮ ಬೀದಿಯವರೆಲ್ಲ ಬಹಳ ಸಂತೋಷವಾಗಿದ್ದರು. ನಾನಾಗ ಚಿತ್ರದುರ್ಗದಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಎಮ್ಮೆಯ ಬಾಯಿಗೆ ಹಾಕುವುದು ನನ್ನ ಕೆಲಸ. ಆ ಕೆಲಸ ನನಗೆ ಚೆನ್ನಾಗಿಯೇ ಬರುತ್ತಿತ್ತು. ಕಷ್ಟವೆಂದರೆ, ನೋಡಿ ನೋಡಿ ನನ್ನ ಮಕ್ಕಳಿಗೂ ಬಂದುಬಿಟ್ಟಿತ್ತು. ಅದರಿಂದಾಗಿಯೇ ಒಂದು ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಂಸಾರಕ್ಕೊಂದು ಊರು ಹುಡುಕುತ್ತಾ ಬಸ್ಸು ಬಸ್ಸು ಹತ್ತಿ ಇಳಿಯಬೇಕಾಯಿತು.

ಗೊರಕೆಗೆ ಔಷಧಿ

ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆಗೆ ಗೊಟ್ಟ ಎನ್ನುತ್ತಾರೆ. ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಮನೆಯ ಬಾಗಿಲ ಹಿಂದೆ ಒಂದು ಗೊಟ್ಟ ನೇತಾಡುತ್ತಲೇ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು.

ನಾವಿದ್ದದ್ದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಮಹಡಿ ಮೇಲೆ. ಕೆಳಗೆ ಮನೆ ಮಾಲೀಕರು. ಮಧ್ಯಾಹ್ನ ಮುದ್ದೆ ಉಂಡು ಜಗುಲಿ ಮೇಲೆ ಅಂಗಾತ ಮಲಗಿದರೆಂದರೆ ಅವರ ಗೊರಕೆ ಬೀದಿಯ ಆ ತುದಿಗೂ ಕೇಳುತ್ತಿತ್ತು. ಅದೇ ವಾರ ನಾನು ಗೊರಗೊರ ಎಂದು ಉಸಿರಾಡುತ್ತಿದ್ದ ಒಂದು ಎಮ್ಮೆಗೆ ಓಮಿನ ಕಷಾಯ ಹಾಕಿದ್ದೆ. ಅದು ವಾಸಿಯಾಗಿತ್ತು. ಮಕ್ಕಳು ನಿಂತು ನೋಡಿದ್ದರು.

ಒಂದು ಮಧ್ಯಾಹ್ನ ಚಿಕ್ಕವನು ಮಾಲೀಕರ ಕಾಲು ಹಿಡಿದುಕೊಂಡ. ನಡುವಿನವನು, ಮೂಗುದಾರ ಇಲ್ಲವಲ್ಲ, ಮೂಗನ್ನೇ ಹಿಡಿದ. ದೊಡ್ಡವನು ತೆರೆದ ಬಾಯಿಗೆ ಗೊಟ್ಟ ಇಟ್ಟು, ಎಮ್ಮೆಗೆ ಹಾಕಿ ಮಿಕ್ಕಿದ್ದ ಕಷಾಯ ಹೊಯ್ದ.

ಮಾಲೀಕರು ಕೆಮ್ಮುತ್ತಾ, ಸೀನುತ್ತಾ, ಕೈಯಲ್ಲಿ ಗೊಟ್ಟ ಹಿಡಿದು ಮಹಡಿ ಹತ್ತಿ ಬಂದರು. "ಏನ್ರೀ ಇದು?"

"ಗೊಟ್ಟ."

"ಗೊಟ್ಟ ಅಂತ ನನಗೂ ಗೊತ್ತೈತೆ. ನನ್ನ ಬಾಯೊಳಕ್ಕೆ ಯಾಕೆ ಬಂತು ಅಂತ ಕೇಳಿದ್ದು."

ದೊಡ್ಡವನು ನನ್ನ ಹಿಂದಿನಿಂದ ಇಣುಕಿ ಹೇಳಿದ: "ನಾಳೆನೂ ಒಂದ್ಸಲ ಹಾಕ್ಬೇಕು ತಾತ. ಎಮ್ಮೆಗೆ ಎರಡು ದಿನ ಹಾಕಿದ್ರು."

ಶಾಲೆ ಶುರುವಾಗುವುದರೊಳಗೆ ಮನೆ ಖಾಲಿ ಮಾಡಬೇಕೆಂದು ಅವರು ಅಲ್ಲೇ ನಿಂತು ಹೇಳಿ ಇಳಿದುಹೋದರು. ನಾನೂ ಬೇರೆ ಮನೆ ಹುಡುಕಿದೆ. ಆದರೆ ಸುದ್ದಿ ನನಗಿಂತ ಮುಂಚೆ ಹೋಗಿ ಮುಟ್ಟುತ್ತಿತ್ತು. ದುರ್ಗದಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲ ನನ್ನ ಮಕ್ಕಳನ್ನು ಕಂಡರೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಇಲ್ಲ ಎಂದು ತಲೆ ಮಾತ್ರ ಆಡಿಸುತ್ತಿದ್ದರು.

ಈ ಗಲಾಟೆಯಾಗಿ ಎರಡು ದಿನಕ್ಕೆ ಮಾಲೀಕರ ಹೆಂಡತಿ ಸದ್ದಿಲ್ಲದೆ ಮೇಲೆ ಬಂದು ನನ್ನವಳ ಕಿವಿಯಲ್ಲಿ ಕೇಳಿದರು: "ಮದುವೆಯಾದಾಗಿಂದ ಇಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ ಕಣಮ್ಮ. ಆ ಕಷಾಯ ಇನ್ನೂ ಒಂಚೂರು ಐತಾ?"

ಊರು ಅಳೆಯುವ ಅಳತೆ

ನಮ್ಮ ದೊಡ್ಡ ಡಾಕ್ಟರು ಒಳ್ಳೆಯವರು. ನನ್ನ ಪಾಡು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ ಹೇಳಿದರು: "ನೋಡ್ರಿ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೂರೂ ಕಡೆ ಕಾಂಪೌಂಡರ್‌ಗಳು ದುರ್ಗಕ್ಕೆ ಬರ್ತೀವಿ ಅಂತ ಕುಂತವ್ರೆ. ನಿಮಗೆ ಯಾವೂರು ಬೇಕೋ ಆರಿಸ್ಕಳ್ರಿ. ಅಲ್ಲಿಯವನು ಒಪ್ಪಿ ಸೈನ್ ಹಾಕಿದ್ರೆ ಅದಲು ಬದಲು ಮಾಡ್ತೀನಿ. ಅವನು ಬಿಟ್ಟು ಬರೋ ಮನೆ ನಿಮಗಾಗುತ್ತೆ."

ಸರ್ಕಾರಿ ನೌಕರನಿಗೆ ಊರು ಆರಿಸಿಕೋ ಎಂದು ಯಾರೂ ಹೇಳುವುದಿಲ್ಲ. ಎತ್ತಿ ಹಾಕಿದ ಕಡೆ ಬೀಳುವುದಷ್ಟೇ ನಮಗೆ ಅಭ್ಯಾಸ. ಆದ್ದರಿಂದ ಮನೆಗೆ ಬಂದು ಈ ಸುದ್ದಿ ಹೇಳಿದ್ದೇ ತಡ, ಗಂಡ ಹೆಂಡತಿಗೆ ಜಗಳ ಹತ್ತಿತು. ಹಿರಿಯೂರಿಗೆ ಬಸ್ಸಿನ ಅನುಕೂಲ ಎಂದು ನಾನು. ಬಸ್ಸಿನಲ್ಲೇ ಸಂಸಾರ ಮಾಡ್ತೀರಾ ಎಂದು ಅವಳು. ಹೊಳಲ್ಕೆರೆಯಲ್ಲಿ ಮಕ್ಕಳಿಗೆ ರೈಲು ತೋರಿಸಬಹುದು ಎಂದು ನಾನು. ಈ ಮೂವರ ಕೈಗೆ ರೈಲೊಂದು ಸಿಕ್ಕಿರಲಿಲ್ಲ ಎಂದು ಅವಳು.

ಜಗಳ ಕಾವೇರಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಅವಳು ಧಡಧಡ ಹೋಗಿ ಬಾಗಿಲು ತೆಗೆದು, ಏನೋ ಹೇಳಿ, ಮುಚ್ಚಿ ಬಂದಳು.

"ಯಾರೇ ಅದು?"

"ಯಾವಳೋ ಗುರುತಿಲ್ಲದೋಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಲೋಟ. ಒಂದು ಚಮಚ ಹೆಪ್ಪು ಬೇಕಂತೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲ ಅಂತ ಕಳಿಸಿದೆ."

ಕತ್ತಲಾದ ಮೇಲೆ ಮನೆಯ ಹೆಪ್ಪು ಹೊರಗೆ ಹೋದರೆ ಲಕ್ಷ್ಮಿಯೂ ಜೊತೆಗೆ ಹೋಗುತ್ತಾಳೆಂದು ನಮ್ಮ ಕಡೆ ನಂಬುತ್ತಾರೆ. ಆದರೆ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು.

"ದೀಪ ಎಲ್ಲೇ ಹಚ್ಚಿದೀಯ?"

"ಹಚ್ಚಾಕೇ ಹೊಂಟಿದ್ದೆ. ನಿಮ್ಮ ಜೊತೆ ಬಾಯಿ ಹಾಕೋದ್ರಲ್ಲಿ ತಡ ಆಯ್ತು," ಎಂದವಳು ತಟಕ್ಕನೆ ನಿಂತಳು. ಮುಖ ಅರಳಿತು. "ರೀ, ಹೆಪ್ಪು! ನಮ್ಮವ್ವ ಹೇಳೋಳು. ಹೊಸ ಊರಿಗೆ ಹೋದ್ರೆ ಗುರುತಿಲ್ಲದ ಮನೆ ಬಾಗಿಲಲ್ಲಿ ನಿಂತು ಒಂದು ಚಮಚ ಹೆಪ್ಪು ಕೇಳ್ಬೇಕಂತೆ. ನಗ್ತಾ ಕೊಟ್ರೆ ಆ ಊರಲ್ಲಿ ಮಕ್ಕಳನ್ನ ಸಾಕಬಹುದು. ಬಾಗಿಲು ಹಾಕ್ಕಂಡ್ರೆ ಆ ಊರಿನ ನೀರೂ ಕುಡೀಬಾರದು."

"ಈಗ ನೀನು ಹಾಕ್ಕಂಡು ಬಂದ್ಯಲ್ಲ?"

"ನಾವೇನು ಊರು ಹುಡುಕ್ಕಂಡು ಬಂದವರಿಗೆ ಹಾಕಿದ್ವಾ? ಯಾವಳೋ ಸೋಂಬೇರಿಗೆ ಹಾಕಿದ್ದು."

ಹೀಗೆ ನಮ್ಮ ಊರು ಹುಡುಕಾಟಕ್ಕೆ ಒಂದು ಹಿತ್ತಾಳೆ ಲೋಟ ಅಳತೆಯಾಯಿತು.

ಹಿರಿಯೂರು

ಅದು ಕುಟುಂಬ ಯೋಜನೆಯ ಆಪರೇಷನ್ನಿಗೆ ಗಂಡಸರನ್ನು ಹುಡುಕಿ ಹುಡುಕಿ ಕರೆದೊಯ್ಯುತ್ತಾರೆಂಬ ಸುದ್ದಿ ಊರೂರಲ್ಲಿ ಹಬ್ಬಿದ್ದ ಕಾಲ. ನನಗೆ ಅದು ನೆನಪಿರಬೇಕಿತ್ತು. ಹೆಂಡತಿ ಬೇರೆ, ಬೀದಿಯಲ್ಲಿ ಎಷ್ಟು ಮಕ್ಕಳವೆ ಅಂತ ಮೊದಲು ವಿಚಾರಿಸಿ ಎಂದಿದ್ದಳು. ಬೀದಿ ತುಂಬ ಮಕ್ಕಳಿದ್ದರೆ ನಮ್ಮವು ಮಾಡಿದ್ದನ್ನು ಯಾರ ಮೇಲಾದರೂ ಹಾಕಬಹುದು ಎಂಬ ದೂರಾಲೋಚನೆ ಅವಳದು.

ಜಗುಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ ಒಬ್ಬರನ್ನು ಕೇಳಿದೆ. "ಯಜಮಾನ್ರೇ, ಈ ಬೀದೀಲಿ ಮನೆಗೆ ಎಷ್ಟೆಷ್ಟು ಮಕ್ಕಳವೆ?"

ಅವರು ಪೇಪರ್ ಇಳಿಸಿದರು. "ಯಾಕ್ರಿ? ಯಾವ ಇಲಾಖೆ ನಿಮ್ಮದು?"

"ಆಸ್ಪತ್ರೆ," ಎಂದೆ. ಹೊಸ ಊರಲ್ಲಿ ಮೊದಲ ಮಾತಿಗೇ ದನದ ವಿಷಯ ಎತ್ತುವ ಚಟ ನನಗಿರಲಿಲ್ಲ.

ಹಿರಿಯೂರಿನ ಆಸ್ಪತ್ರೆಯಿಂದ ನಾವು ಎರವಲು ತಂದಿದ್ದ ಹೋರಿ ಬೀಜ ಒಡೆಯುವ ಇಕ್ಕಳವನ್ನು, ಹೇಗೂ ಹೋಗುತ್ತೀನಲ್ಲ ಎಂದು, ವಾಪಸ್ ಕೊಡಲು ಚೀಲದಲ್ಲಿ ಹಾಕಿಕೊಂಡಿದ್ದೆ. ಮೊಳದುದ್ದದ ಕಬ್ಬಿಣದ ಸಾಮಾನು. ದೊಡ್ಡವನು ಯಾವಾಗ ಅದನ್ನು ಹೊರಗೆಳೆದನೋ ಗೊತ್ತಿಲ್ಲ. ಯಜಮಾನರ ಮುಂದೆ ನಿಂತು ಇಕ್ಕಳದ ಬಾಯಿ ತೆರೆದು ಟಕ್ಕೆಂದು ಮುಚ್ಚಿ ತೋರಿಸಿದ. ನಾನು ರೈತರಿಗೆ ಹೇಳುವ ಮಾತನ್ನು ನನ್ನದೇ ದನಿಯಲ್ಲಿ ಹೇಳಿದ: "ಒಂದೇ ಸಲ. ಆಮೇಲೆ ಏನೂ ತೊಂದ್ರೆ ಇರಲ್ಲ. ಸಾಧು ಆಗ್ಬಿಡ್ತಾವೆ."

ಪೇಪರ್ ಜಗುಲಿಯಲ್ಲಿತ್ತು, ಚಪ್ಪಲಿ ಕೆಳಗಿತ್ತು. ಯಜಮಾನರು ಇರಲಿಲ್ಲ. ಹಿತ್ತಿಲ ಬೇಲಿ ಮುರಿದ ಸದ್ದು ಕೇಳಿತು. ಬೀದಿಯುದ್ದಕ್ಕೂ ಕದಗಳು ಒಂದಾದ ಮೇಲೊಂದು ಮುಚ್ಚಿದವು. ಅಂಗಡಿಯವನು ಗಿರಾಕಿಯನ್ನು ಒಳಗೇ ಇಟ್ಟು ಬಾಗಿಲೆಳೆದುಕೊಂಡ.

ನನ್ನವಳು ಮಾತ್ರ ಧೈರ್ಯಗೆಡದೆ ಲೋಟ ಹಿಡಿದು ಅದೇ ಮನೆಯ ಬಾಗಿಲು ತಟ್ಟಿದಳು. ಒಳಗಿಂದ ಯಜಮಾನರ ಹೆಂಡತಿ, ಕಣ್ಣು ತುಂಬ ನೀರು ತುಂಬಿಕೊಂಡು, ಇಡೀ ಗಡಿಗೆಯನ್ನೇ ತಂದು ಮುಂದಿಟ್ಟರು. "ಹೆಪ್ಪು ಯಾಕೆ ತಾಯಿ, ಮೊಸರೇ ತಗಂಡು ಹೋಗ್ರಿ. ನಮ್ಮೆಜಮಾನ್ರನ್ನ ಬಿಟ್ಬಿಡ್ರಿ."

ಹೊಳಲ್ಕೆರೆ

ಹೊಳಲ್ಕೆರೆಗೆ ಹೋಗುವಾಗ ಚೀಲವನ್ನು ತಲೆಕೆಳಗು ಮಾಡಿ ಕೊಡವಿ ನೋಡಿದೆ. ಇಕ್ಕಳ ಇಲ್ಲ, ಗೊಟ್ಟ ಇಲ್ಲ. ಮಕ್ಕಳ ಜೇಬನ್ನೂ ತಡಕಿದೆ.

ಅಲ್ಲಿ ಬಾಗಿಲು ತೆಗೆದಾಕೆ ಹಣೆ ತುಂಬ ಕುಂಕುಮ ಇಟ್ಟಿದ್ದ ದೊಡ್ಡ ಹೆಂಗಸು. ಲೋಟ ಇಸಿದುಕೊಂಡು ನಗುತ್ತಲೇ ಒಳಗೆ ಹೋದರು. ನನ್ನವಳು ನನ್ನ ಕಡೆ ನೋಡಿ, ಆಯಿತು ಎಂಬಂತೆ ಕಣ್ಣು ಮಿಟುಕಿಸಿದಳು. ಆಕೆ ಹೆಪ್ಪು ಹಾಕಿದ ಲೋಟ ತಂದರು. ಆದರೆ ಕೈಗೆ ಕೊಡದೆ ಹೊಸ್ತಿಲ ಮೇಲೆ ಕೂತರು.

"ಕುಂತ್ಕಳವ್ವ. ಯಾವ ಕಡೆಯೋಳು ನೀನು?"

"ಭರಮಸಾಗರದ ಕಡೆ ತವರು."

"ಹೌದಾ? ಭರಮಸಾಗರದಾಗೆ ಯಾರ ಮನೆ?"

ನನ್ನವಳು ಹೇಳಿದಳು. ಆಕೆಯ ಮುಖ ಇನ್ನೂ ಅರಳಿತು. "ಅಯ್ಯೋ, ಹಂಗಾದ್ರೆ ನೀನು ನಮ್ಮೋಳೇ. ನಿಮ್ಮ ದೊಡ್ಡಪ್ಪನ ಮಗಳನ್ನ ನಮ್ಮ ಭಾವನ ಮಗನಿಗೆ ತಂದಿದ್ದು." ಇಬ್ಬರೂ ಕೈ ಕೈ ಹಿಡಿದುಕೊಂಡರು. ಮಕ್ಕಳಿಗೆ ಬೆಲ್ಲ ಬಂತು. ನಾನು ಆಗಲೇ ಆ ಬೀದಿಯಲ್ಲಿ ಮಂಚ ಎಲ್ಲಿ ಹಾಕುವುದೆಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಆಕೆಯ ಹುಬ್ಬು ಮೆಲ್ಲಗೆ ಗಂಟಾಯಿತು. "ಆ ಮದುವೆಗೆ ನಾವೂ ಬಂದಿದ್ವಿ. ಚಪ್ಪರದ ಕಂಬಕ್ಕೆ ಒರಗಿ ಕುಂತಿದ್ವಿ. ಊಟಕ್ಕೆ ಏಳ್ರಿ ಅಂತ ಒಬ್ಬರಾದ್ರೂ ಬಂದು ಕರೀಬೇಕಾ ಬ್ಯಾಡ್ವಾ?"

"ಎಲ್ಲರನ್ನೂ ಕರೆದಿರ್ತಾರಲ್ಲಕ್ಕ."

"ನಮ್ಮನ್ನ ಕರೀಲಿಲ್ಲ. ಕಂಬದ ಆ ಕಡೆಯೋರನ್ನ ಕರೆದ್ರು. ನಮ್ಮತ್ತೆ ಸಾಯೋ ತನಕ ಅದನ್ನೇ ಹೇಳ್ಕಂಡು ಸತ್ರು."

ಆಕೆ ಎದ್ದು ಒಳಗೆ ಹೋದರು. ಹೊರಬಂದಾಗ ಲೋಟ ತೊಳೆದು ಬೋರಲು ಹಾಕಿ ತಂದಿದ್ದರು. ನಾವು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆವು. ನನ್ನವಳು ಮೂಗು ಒರೆಸಿಕೊಂಡು ತೀರ್ಪು ಕೊಟ್ಟಳು: "ನೆಂಟರಿರೋ ಊರಲ್ಲಿ ಮಕ್ಕಳನ್ನ ಸಾಕಾಕಾಗಲ್ಲ ಕಣ್ರೀ. ಇವು ಇವತ್ತು ಮಾಡಿದ್ದನ್ನ ಇವರ ಮೊಮ್ಮಕ್ಕಳ ಮದುವೇಲಿ ಎತ್ತಿ ಆಡ್ತಾರೆ."

ಹೊಸದುರ್ಗ

ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಕೆಳಗಿನ ಮಾಲೀಕರು ನಮ್ಮ ಮೆಟ್ಟಿಲ ಬಳಿ ಸುಣ್ಣದ ಡಬ್ಬ ತಂದಿಟ್ಟಿದ್ದರು. ಹೊಸದುರ್ಗವೂ ಕೈಕೊಟ್ಟರೆ ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿ ನಾನು ಆಸ್ಪತ್ರೆಯಲ್ಲಿ, ಕಟ್ಟಿದ ದನಗಳ ಪಕ್ಕ ಮಲಗುವುದೇ ಗತಿ. ಬಸ್ಸಿನಲ್ಲಿ ನನ್ನವಳು ಲೋಟವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅಲ್ಲಿಯ ಕಾಂಪೌಂಡರ್ ನನಗಿಂತ ಸ್ವಲ್ಪ ಚಿಕ್ಕವನು, ದೊಡ್ಡ ಮೀಸೆಯ ಸಾಧು ಮನುಷ್ಯ. ಮನೆ ನೋಡಿದೆವು. ಮುಂದೆ ಅಂಗಳ, ಹಿಂದೆ ತೆಂಗಿನ ತೋಟ, ಎರಡು ಹೆಜ್ಜೆಗೆ ಶಾಲೆ. "ನಾನಂತೂ ತಯಾರು ಅಣ್ಣಾರೆ," ಎಂದ. "ನಮ್ಮನೆಯವಳು ಒಪ್ಪಿದ್ರೆ ಸೈನ್ ಹಾಕೋದೇ. ಅವಳು ತವರಿಗೆ ಹೋಗವ್ಳೆ. ಬಂದ ಮೇಲೆ ಹೇಳ್ತೀನಿ."

ಪಕ್ಕದ್ದು ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಮನೆ. ನನ್ನವಳು ಉಸಿರು ಬಿಗಿಹಿಡಿದು ಆ ಬಾಗಿಲಲ್ಲಿ ಲೋಟ ಚಾಚಿದಳು. ಆ ಮನೆಯ ಅಮ್ಮ ಲೋಟವನ್ನು ತಿರುಗಿಸಿ ನೋಡಿ, "ಇದರಲ್ಲಿ ಹೆಪ್ಪು ಹಾಕಿದ್ರೆ ಕಿಲುಬು ಹಿಡೀತದೆ ಬೇಟಿ," ಎಂದರು. ಗಂಡನನ್ನು ಕೂಗಿ, ಲೋಟಕ್ಕೆ ಅಲ್ಲೇ ಕಲಾಯಿ ಹಾಕಿಸಿ, ಅದು ಆರಿದ ಮೇಲೆ ಹೆಪ್ಪು ಹಾಕಿಕೊಟ್ಟರು. ಅಷ್ಟು ಹೊತ್ತೂ ಮಕ್ಕಳಿಗೆ ಎಳನೀರು ಕೊಚ್ಚಿ ಕೊಡುತ್ತಲೇ ಇದ್ದರು. ನನ್ನವಳ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ನನಗೂ ಬಂತು.

ಎಳನೀರು, ಅದರೊಳಗಿನ ಗಂಜಿ, ಮೇಲೆ ಕೊಟ್ಟ ಬೆಲ್ಲ ಎಲ್ಲ ಸೇರಿ ಮಕ್ಕಳು ಮೂವರೂ ಜಗುಲಿಯಲ್ಲಿ ಸಾಲಾಗಿ ಮಲಗಿಬಿಟ್ಟಿದ್ದರು. ಆ ಅಮ್ಮ ಅವರನ್ನು ನೋಡಿ, "ಎಂಥಾ ಸಂಪನ್ನ ಮಕ್ಕಳು! ಇಂಥವರು ಬೀದಿಗೆ ಬಂದ್ರೆ ಬೀದಿಗೇ ಕಳೆ," ಎಂದರು. ನಾನು ಒಬ್ಬನನ್ನು ಹೆಗಲಿಗೆ ಹಾಕಿಕೊಂಡೆ, ನನ್ನವಳು ಒಬ್ಬನನ್ನು, ಕಾಂಪೌಂಡರ್ ಒಬ್ಬನನ್ನು. ಅವರು ಏಳುವುದರೊಳಗೆ ಬಸ್ಸು ಹತ್ತಿದೆವು.

ದುರ್ಗದ ಜನ

ಒಂದು ವಾರದ ಮೇಲೆ ದೊಡ್ಡ ಡಾಕ್ಟರು ಕರೆಸಿದರು. "ಏನ್ರೀ, ಹೊಸದುರ್ಗದವನು ಒಲ್ಲೆ ಅಂತಾನೆ."

"ಯಾಕೆ ಸಾರ್?"

"ಅವನ ಹೆಂಡ್ತಿ ಹೋದ ತಿಂಗಳು ತವರಿಗೆ ಹೋಗ್ತಾ ಇಲ್ಲಿಗೆ ಬಂದಿದ್ಲಂತೆ, ಊರು ನೋಡಾಕೆ. ಕೂಸಿನ ಸಮೇತ ಒಂದು ಮನೆ ಬಾಗಿಲಲ್ಲಿ ನಿಂತು ಒಂದು ಚಮಚ ಹೆಪ್ಪು ಕೇಳಿದ್ರೆ, ಹಾಡಹಗಲಲ್ಲಿ ದೀಪ ಹಚ್ಚಿದೀವಿ ಅಂತ ಸುಳ್ಳು ಹೇಳಿ ಮುಖದ ಮೇಲೆ ಬಾಗಿಲು ಹಾಕಿದ್ರಂತೆ. ಒಳಗೆ ಗಂಡ ಹೆಂಡ್ತಿ ಕಿತ್ತಾಡ್ತಿದ್ರಂತೆ. ಇಂಥಾ ಜನರ ನಡುವೆ ಮಕ್ಕಳನ್ನ ಸಾಕಲ್ಲ ಅಂತ ಹಟ ಹಿಡಿದವ್ಳೆ."

ನಾನು ಮೇಜಿನ ಮೇಲಿದ್ದ ಔಷಧಿ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದೆ.

"ಆಸ್ಪತ್ರೆ ಹಿಂದಿನ ಬೀದಿಯಂತೆ, ಮಹಡಿ ಮನೆಯಂತೆ," ಎಂದು ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಿಮ್ಮ ಬೀದಿನೇ ಅಲ್ವೇನ್ರಿ ಅದು? ಅಂಥೋರು ಯಾರ್ರೀ ಅಲ್ಲಿರೋದು?"

"ಆ ಬೀದಿ ಜನ ಸರಿ ಇಲ್ಲ ಸಾರ್," ಎಂದೆ. "ಅದಕ್ಕೇ ಅಲ್ವಾ ನಾನು ಬಿಡ್ತಿರೋದು."

ಹೆಪ್ಪು ಒಪ್ಪಿಸಿದ್ದು

ಮನೆಯಲ್ಲಿ ವಿಷಯ ಕೇಳಿ ನನ್ನವಳು ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು ಒಂದು ಗಡಿಗೆ ತುಂಬ ಹಾಲು ಕಾಯಿಸಿ ಹೆಪ್ಪು ಹಾಕಿದಳು. "ನಡೀರಿ, ಹೋಗಾಣ. ಅವಳ ಮನೆಗೇ ಹೋಗಿ ಕೊಟ್ಟು ಬರಾಣ." ಮಕ್ಕಳನ್ನು ಬಿಟ್ಟು ಹೋಗೋಣವೆಂದರೆ ಇಟ್ಟುಕೊಳ್ಳುವವರು ದುರ್ಗದಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಐದು ಜನ ಮತ್ತು ಒಂದು ಗಡಿಗೆ ಮೊಸರು ಹೊಸದುರ್ಗದ ಬಸ್ಸು ಹತ್ತಿದೆವು.

ನಾವು ಅಲ್ಲಿ ಇಳಿದಾಗ ಸಂಜೆ. ಇನ್ನೂ ಒಳ್ಳೆಯ ಬೆಳಕಿತ್ತು. ಬಾಗಿಲು ತೆಗೆದವಳು ಅವಳೇ. ಕಂಕುಳಲ್ಲಿ ಅದೇ ಕೂಸು. ನನ್ನವಳನ್ನು ನೋಡಿದಳು, ಗಡಿಗೆಯನ್ನು ನೋಡಿದಳು.

"ನಂದು ತಪ್ಪಾಯ್ತು ಕಣಮ್ಮ," ಎಂದಳು ನನ್ನವಳು. "ಅವತ್ತು ಕೇಳಿದ್ಯಲ್ಲ, ಹೆಪ್ಪು ತಂದೀನಿ."

"ಒಂದು ನಿಮಿಷ ಇರ್ರಿ," ಎಂದು ಅವಳು ಒಳಗೆ ಹೋದಳು. ಕಡ್ಡಿ ಗೀರಿದ ಸದ್ದು ಕೇಳಿತು. ದೇವರ ಗೂಡಿನಲ್ಲಿ ದೀಪ ಹಚ್ಚಿ, ಬತ್ತಿ ಸರಿಮಾಡಿ, ನಿಧಾನವಾಗಿ ವಾಪಸ್ ಬಂದು ಬಾಗಿಲಲ್ಲಿ ನಿಂತಳು. "ದೀಪ ಹಚ್ಚಿದ ಮೇಲೆ ನಾವು ಹೆಪ್ಪು ಇಸ್ಕಳಲ್ಲ."

ನನ್ನವಳು ಗಡಿಗೆಯನ್ನು ಹೊಸ್ತಿಲ ಹೊರಗೇ ಇಳಿಸಿದಳು. ಮಾತಿನಲ್ಲಿ ಅವಳು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಒಳಗಿಂದ ಕಾಂಪೌಂಡರ್ ಓಡಿ ಬಂದ. "ಲೇ, ಕೊನೇ ಬಸ್ಸೂ ಹೋಯ್ತು. ಮಕ್ಕಳನ್ನ ಕಟ್ಕಂಡು ಎಲ್ಲಿಗೆ ಹೋಗ್ತಾರೆ?"

"ಹೋಗ್ರಿ ಅಂತ ಯಾರಂದ್ರು? ಉಂಡು ಮಲಗಲಿ. ಹೊತ್ತು ಹುಟ್ಟಿದ ಮೇಲೆ ಇಸ್ಕಂತೀನಿ. ಆದ್ರೆ ದುರ್ಗಕ್ಕೆ ಮಾತ್ರ ಬರಲ್ಲ," ಎಂದಳು.

ಅಷ್ಟು ಹೊಟ್ಟೆಯುರಿಯಲ್ಲೂ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸಿದಳು. ನಮ್ಮ ಮಕ್ಕಳಿಗೆ ಎರಡೆರಡು ಸಲ ತುಪ್ಪ ಹಾಕಿದಳು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಇಂಥವಳ ಮುಖದ ಮೇಲೆ ಬಾಗಿಲು ಹಾಕಿದೆವಲ್ಲ ಎಂದು ಇಬ್ಬರೂ ತಟ್ಟೆ ನೋಡಿಕೊಂಡೇ ಉಂಡೆವು.

ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬೇವಿನ ಕಡ್ಡಿ ಅಗಿಯುತ್ತಿದ್ದೆ. ಹೆಂಗಸರಿಬ್ಬರೂ ನಲ್ಲಿಯ ಹತ್ತಿರ, ಒಬ್ಬರನ್ನೊಬ್ಬರು ನೋಡದ ಹಾಗೆ ನೀರು ಹಿಡಿಯುತ್ತಿದ್ದರು. ಮನೆಯೊಳಗಿನಿಂದ ಕಾಂಪೌಂಡರನ ಗೊರಕೆ ಕೇಳುತ್ತಿತ್ತು. ಅವನಿಗೂ ಗೊರಕೆ ಇದೆಯಲ್ಲ ಪಾಪ ಎಂದುಕೊಂಡೆ. ಇನ್ನೊಮ್ಮೆ ಕಡ್ಡಿ ಅಗಿದೆ. ಆಗ ಹೊಳೆಯಿತು: ಇದೂ ದನದ ಆಸ್ಪತ್ರೆಯವನ ಮನೆ. ಇಲ್ಲೂ ಬಾಗಿಲ ಹಿಂದೆ ಒಂದು ಗೊಟ್ಟ ಇರುತ್ತದೆ.

ಗೊರಕೆ ನಿಂತುಹೋಯಿತು.

ಎಲ್ಲರೂ ಒಳಗೆ ಓಡಿದೆವು. ಚಿಕ್ಕವನು ಕಾಲು ಹಿಡಿದಿದ್ದ. ನಡುವಿನವನು ಮೂಗು ಹಿಡಿದಿದ್ದ. ದೊಡ್ಡವನ ಕೈಯಲ್ಲಿ ಗೊಟ್ಟ. ಓಮಿನ ಕಷಾಯ ಎಲ್ಲಿ ಸಿಗಬೇಕು, ದುರ್ಗದಿಂದ ಹೊತ್ತು ತಂದ ಗಡಿಗೆ ಪಕ್ಕದಲ್ಲೇ ಇತ್ತು, ಈಗ ಮುಕ್ಕಾಲು ಖಾಲಿ. ಕಾಂಪೌಂಡರ್ ಎದ್ದು ಕೂತು ಕಣ್ಣು ಬಿಡುತ್ತಿದ್ದ. ಆ ದೊಡ್ಡ ಮೀಸೆಯಿಂದ ಮೊಸರು ತೊಟ್ಟಿಕ್ಕುತ್ತಿತ್ತು.

ದೊಡ್ಡವನು ನನ್ನನ್ನು ಕಂಡು ಹೆಮ್ಮೆಯಿಂದ ಹೇಳಿದ: "ಅಪ್ಪಾ, ಹೊತ್ತು ಹುಟ್ಟೈತೆ. ಹೆಪ್ಪು ಕೊಟ್ವಿ."

ಆಕೆ ಗಂಡನ ಮೀಸೆ ನೋಡಿದಳು. ನನ್ನ ಮೂರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನಮ್ಮಿಬ್ಬರನ್ನು ನೋಡಿದಳು. ನಮ್ಮ ಕಥೆ ಮುಗಿಯಿತು, ಇನ್ನು ದನಗಳ ಪಕ್ಕದಲ್ಲೇ ಹಾಸಿಗೆ ಎಂದು ನಾನು ತಲೆ ತಗ್ಗಿಸಿದೆ.

"ರೀ," ಎಂದಳು ಗಂಡನಿಗೆ, "ಆ ಅರ್ಜಿ ಎಲ್ಲೈತೆ? ಸೈನ್ ಹಾಕ್ರಿ."

ಅವನು ಮೊಸರು ಒರೆಸಿಕೊಂಡು ಕಕ್ಕಾಬಿಕ್ಕಿಯಾದ. "ದುರ್ಗದಾಗೆ ಜನ ಸರಿ ಇಲ್ಲ, ಬರಲ್ಲ ಅಂದ್ಯಲ್ಲೇ?"

"ಸರಿ ಇಲ್ಲದೋರೆಲ್ಲ ಇಲ್ಲಿಗೆ ಬರ್ತಾವ್ರಲ್ಲ," ಎಂದಳು ಆಕೆ. "ಇನ್ಮ್ಯಾಲೆ ದುರ್ಗ ಚೆನ್ನಾಗಿರುತ್ತೆ."